ಕೋಡಿ ಬೀಳುವ ಸಮುದ್ರ

೧೯೬೩ನೇ ಇಸವಿ ಮೇ ೨೭, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ಜಯನಗರದ ಪೊಲೀಸ್ ಠಾಣೆಯ ಮುಂದೆ ಎಷ್ಟು ಜಟಕಾಗಳು ಸಾಲಾಗಿ ನಿಂತವೆಂದರೆ, ಎದುರಿನ ಬೀಡಾ ಅಂಗಡಿಯವನು ಯಾರೋ ಮಂತ್ರಿ ಸತ್ತರೆಂದು ಬಾಗಿಲು ಹಾಕಿಕೊಂಡು ಮನೆಗೆ ಹೊರಟ. ಗಾಡಿಗಳಿಂದ ಇಳಿದವರು ನಂದನ ಕ್ಲಬ್ಬಿನ ಸದಸ್ಯರು. ಟ್ರಂಕು, ಹಾಸಿಗೆ ಸುರುಳಿ, ಸೊಟ್ಟಗಾದ ಛತ್ರಿ, ಅಳುವ ಮಕ್ಕಳು. ಅವರ ಮೈಮೇಲಿದ್ದ ಮರಳನ್ನು ಗುಡಿಸಿದ್ದರೆ ಒಂದು ಮಹಡಿ ಮನೆಗೆ ಗಾರೆ ಕಲಸಬಹುದಿತ್ತು.

ಇನ್ಸ್‌ಪೆಕ್ಟರ್ ತಿಮ್ಮರಾಯಪ್ಪ ಕುರ್ಚಿಯಿಂದ ಏಳಲಿಲ್ಲ. ಅವರ ಮೀಸೆಯ ಒಂದೊಂದು ತುದಿಯಲ್ಲೂ ಒಂದೊಂದು ಗುಬ್ಬಿ ಸಂಸಾರ ಹೂಡಬಹುದಿತ್ತು. ಅವರು ಠಾಣೆಯಲ್ಲಿ ಕೆಮ್ಮಿದರೆ ಲಾಲ್‌ಬಾಗಿನ ಬಾವಲಿಗಳು ಮರ ಬದಲಾಯಿಸುತ್ತವೆಂದು ದಫೇದಾರ್ ಶಾಮಣ್ಣ ಆಣೆ ಇಟ್ಟು ಹೇಳುತ್ತಿದ್ದ. ಹುಟ್ಟೂರು ಗೊಟ್ಟಿಗೆರೆ. ಸಿಟ್ಟು ಬಂದರೆ ಮಾತು ಕಡಿಮೆಯಾಗುವ ಮನುಷ್ಯ.

ದೂರು ಕೊಟ್ಟವರು ಕ್ಲಬ್ಬಿನ ಕಾರ್ಯದರ್ಶಿ ಜಯಸಿಂಹ, ನಿವೃತ್ತ ಲೆಕ್ಕಾಧಿಕಾರಿ. ಏಪ್ರಿಲ್ ತಿಂಗಳಲ್ಲಿ ಬಿಳಿ ಸೂಟು, ಹ್ಯಾಟು, ಕಪ್ಪು ಕನ್ನಡಕ ಹಾಕಿದ ಒಬ್ಬ ಏಜೆಂಟು ಕ್ಲಬ್ಬಿಗೆ ಬಂದಿದ್ದನಂತೆ. ಹೊನ್ನಾವರದಿಂದಾಚೆ ಸಮುದ್ರದ ದಂಡೆಯಲ್ಲಿ ‘ರತ್ನಾಕರ ಪ್ಯಾಲೇಸ್’ ಎಂಬ ಹೋಟೆಲಿದೆ, ಬೇಸಿಗೆ ರಜೆಗೆ ಆರಿಸಿದ ಮನೆತನಗಳಿಗೆ ಮಾತ್ರ ಪ್ರವೇಶ, ಕಂಡಕಂಡವರನ್ನು ಗೇಟಿನ ಒಳಗೆ ಬಿಡುವುದಿಲ್ಲ ಎಂದನಂತೆ. ಈ ಕೊನೆಯ ಮಾತು ಕೇಳಿದ್ದೇ ತಡ, ಸದಸ್ಯರೆಲ್ಲ ಮುಂಗಡ ಕೊಡಲು ಒಬ್ಬರ ಕಾಲು ಒಬ್ಬರು ತುಳಿದರಂತೆ. ತಾಳಗುಪ್ಪದವರೆಗೆ ರೈಲು, ಆಮೇಲೆ ಘಟ್ಟದ ಬಸ್ಸು, ಆಮೇಲೆ ಎತ್ತಿನ ಗಾಡಿ. ಹೋಗಿ ನೋಡಿದರೆ ಮರಳು, ಗಾಳಿಮರ, ಒಣಗಲು ಹಾಕಿದ ಮೀನು.

“ಬೇರೆ ಏನೂ ಇರಲಿಲ್ವಾ?” ಎಂದರು ತಿಮ್ಮರಾಯಪ್ಪ.

“ಒಂದು ನಾಯಿ ಇತ್ತು. ನಮ್ಮನ್ನ ನೋಡಿ ಅದೂ ಎದ್ದು ಹೋಯ್ತು.”

ಶಾಮಣ್ಣ ನಗು ತಡೆಯಲು ಮಸಿ ದೌತಿಯ ಒಳಗೇ ಮುಖ ಹಾಕಿದ. ತಿಮ್ಮರಾಯಪ್ಪನವರಿಗೆ ನಗು ಬರಲಿಲ್ಲ. ಮಕ್ಕಳು ಮರಿ ಕಟ್ಟಿಕೊಂಡವರನ್ನು ಬಟಾಬಯಲಲ್ಲಿ ನಿಲ್ಲಿಸಿದ ಆ ಕಳ್ಳನನ್ನು ಪಾತಾಳದಲ್ಲಿದ್ದರೂ ಜುಟ್ಟು ಹಿಡಿದು ಎಳೆದು ತರುತ್ತೇನೆಂದು ಮೀಸೆ ತಿರುವಿದರು. ಆದರೆ ಜಯಸಿಂಹರು ಕಳ್ಳನನ್ನು ಆಗಲೇ ಹಿಡಿದಾಗಿತ್ತು.

ಅವರು ಬೆರಳು ತೋರಿಸಿದ್ದು ಜಟಕಾದಿಂದ ದಬ್ಬಿಸಿಕೊಂಡು ಇಳಿಯುತ್ತಿದ್ದ ಅನಂತಪದ್ಮನಾಭ ಭಟ್ಟರತ್ತ. ಭಟ್ಟರು ಕ್ಲಬ್ಬಿನಲ್ಲಿ ಕ್ಯಾಂಟೀನು ನಡೆಸುವವರು. ಅವರ ದೋಸೆಯ ವಾಸನೆಗೆ ಹೊಸಕೆರೆಹಳ್ಳಿಯಿಂದ ಜನ ನಿದ್ದೆಗಣ್ಣಲ್ಲೇ ನಡೆದು ಬರುತ್ತಿದ್ದರು. ಅವರ ಅಪರಾಧವೆಂದರೆ ಹೊನ್ನಾವರದ ಕಡೆ ಹುಟ್ಟಿದ್ದು. ಸಮುದ್ರದ ವಿಷಯ ಅಷ್ಟು ಕರಾರುವಾಕ್ಕಾಗಿ ಹೇಳಬೇಕಾದರೆ ಹಿಂದೆ ನಿಂತು ಹೇಳಿಕೊಟ್ಟವನು ಆ ಕಡೆಯವನೇ ಆಗಿರಬೇಕು, ಕ್ಲಬ್ಬಿನಲ್ಲಿ ಆ ಕಡೆಯವನು ಇವನೊಬ್ಬನೇ. ಇದು ಜಯಸಿಂಹರ ತರ್ಕ. ಆ ಬೆಳಿಗ್ಗೆ ಊರಿಗೆ ಬಂದಿಳಿದವರು ಮೊದಲು ಮಾಡಿದ ಕೆಲಸ ಕ್ಯಾಂಟೀನಿಗೆ ಬೀಗ ಜಡಿದದ್ದು. ರುಬ್ಬಿಟ್ಟ ಹಿಟ್ಟು ಒಳಗೇ ಉಳಿದಿತ್ತು.

“ಎಂತ ಅನ್ಯಾಯ ಮಾರಾಯ್ರೆ ಇದು,” ಎಂದರು ಭಟ್ಟರು. “ಸಮುದ್ರದ ಹತ್ರ ಹುಟ್ಟಿದ್ದಕ್ಕೆ ಕೇಸು ಹಾಕುದಾದ್ರೆ ಆ ಮೀನುಗಳನ್ನೂ ಹಿಡ್ಕೊಂಡು ಬನ್ನಿ.”

ತಿಮ್ಮರಾಯಪ್ಪ ೪೨೦ನೇ ಕಲಮಿನಡಿ ಎಫ್.ಐ.ಆರ್. ಬರೆಸಿದರು. ಆರೋಪಿಯ ಹೆಸರಿನ ಜಾಗದಲ್ಲಿ ‘ಅಪರಿಚಿತ’ ಎಂದು ಬಿತ್ತು. ಅದನ್ನು ಕಂಡು ಜಯಸಿಂಹರ ಮುಖ ಕೆಂಡವಾಯಿತು. ಪೊಲೀಸರ ದೊಡ್ಡ ಕಚೇರಿಯಲ್ಲಿ ಅವರ ಬೀಗರೊಬ್ಬರಿದ್ದರು. ಮಧ್ಯಾಹ್ನವೇ ಫೋನು ಬಂತು. ಗುರುವಾರದೊಳಗೆ ಬೇರೆ ಯಾರೂ ಸಿಗದಿದ್ದರೆ ಭಟ್ಟರನ್ನು ಕೋರ್ಟಿಗೆ ಹಾಜರುಪಡಿಸತಕ್ಕದ್ದು. ತಿಮ್ಮರಾಯಪ್ಪ ರಿಸೀವರನ್ನು ಇಟ್ಟ ರಭಸಕ್ಕೆ ಗೋಡೆಯ ಗಡಿಯಾರ ಹತ್ತು ನಿಮಿಷ ಮುಂದಕ್ಕೆ ಹೋಯಿತು. ಭಟ್ಟರನ್ನು ಲಾಕಪ್ಪಿಗೆ ಹಾಕದೆ ತಮ್ಮ ಕೋಣೆಯ ಬೆಂಚಿನ ಮೇಲೆ ಕೂರಿಸಿ, ವಿಚಾರಣೆಗೆ ಇರಿಸಿಕೊಂಡಿದೆ ಎಂದು ದಾಖಲು ಮಾಡಿದರು.

ಮೇ ೨೮, ಮಂಗಳವಾರ. ಹೇಳಿಕೆ ಪಡೆಯುವ ಕೆಲಸ. ಕ್ಲಬ್ಬಿನ ಒಬ್ಬೊಬ್ಬ ಸದಸ್ಯನೂ ಒಂದೊಂದು ಹೋಟೆಲನ್ನು ವರ್ಣಿಸಿದ. ಒಬ್ಬರು ಕೇಳಿದ್ದು ಬೆಳ್ಳಿ ನಲ್ಲಿ, ಇನ್ನೊಬ್ಬರು ಕೇಳಿದ್ದು ಬಂಗಾರದ ನಲ್ಲಿ. ಏಜೆಂಟಿನ ಮುಖ ಹೇಗಿತ್ತೆಂದರೆ ಎಲ್ಲರೂ ಹೇಳಿದ್ದು ಹ್ಯಾಟಿನ ಬಣ್ಣ. ಆ ಪುಣ್ಯಾತ್ಮರು ಸೂಟನ್ನು ನೋಡಿದ್ದರೇ ಹೊರತು ಒಳಗಿದ್ದವನನ್ನು ನೋಡಿರಲಿಲ್ಲ.

ಕೊನೆಗೆ ಬಂದವಳು ಜಯಸಿಂಹರ ಮಗಳು ವಾರಿಜಾ, ಶಾಲೆಯಲ್ಲಿ ಪಾಠ ಹೇಳುವವಳು. ಒಮ್ಮೆ ಕೇಳಿದ್ದನ್ನು ಏಳು ಜನ್ಮಕ್ಕೂ ಮರೆಯದ ಕಿವಿ ಅವಳದು. ಏಜೆಂಟು ಹೇಳಿದ ಚರಿತ್ರೆಯನ್ನು ಹಾಗೆ ಹಾಗೇ ಒಪ್ಪಿಸಿದಳು. ಹೋಟೆಲನ್ನು ಕಟ್ಟಿದವನು ಒಬ್ಬ ಪೋರ್ಚುಗೀಸ್ ಕಪ್ತಾನ. ಹೆಂಡತಿಗೆ ದಮ್ಮು, ಉಪ್ಪುಗಾಳಿ ಕುಡಿದರೆ ಉಳಿಯುತ್ತಾಳೆಂದು ಹಡಗನ್ನೇ ಒಡೆದು ಅದರ ತೊಲೆಗಳಿಂದ ಚಾವಣಿ ಹಾಕಿಸಿದ. ಆಮೇಲೆ ಒಬ್ಬ ನವಾಬ ಅದನ್ನು ಕೊಂಡು ಕುಣಿಯುವ ಹಜಾರಕ್ಕೆ ಗಾಜಿನ ನೆಲ ಮಾಡಿಸಿದ. ಕೆಳಗೆ ಮೀನು, ಮೇಲೆ ದೊರೆಸಾನಿಯರು. ಕೋಣೆಕೋಣೆಗೂ ಅಮೃತಶಿಲೆಯ ತೊಟ್ಟಿ, ಬಿಸಿನೀರಿಗೊಂದು ತಣ್ಣೀರಿಗೊಂದು ನಲ್ಲಿ, ಮೇಲಕ್ಕೆ ಹೋಗಲು ಲಿಫ್ಟು, ಊಟದ ಹೊತ್ತಿಗೆ ಬ್ಯಾಂಡು. ಬೆಂಚಿನ ಮೇಲಿದ್ದ ಭಟ್ಟರು ಬಾಯಿ ತೆರೆದದ್ದು ಮುಚ್ಚಲಿಲ್ಲ.

“ಹೋಟೆಲಿನ ಹಿಂದೆ ಬಗ್ಗಿದ ಹುಣಸೆಮರ ಒಂದಿದೆಯಂತೆ,” ಎಂದಳು ವಾರಿಜಾ. “ಅದರ ಬುಡದಲ್ಲಿ ಏಳು ಅಕ್ಕಂದಿರ ಕಲ್ಲು. ಕಿತ್ತರೆ ಕಣ್ಣು ಹೋಗುತ್ತೆ ಅಂತ ಕಪ್ತಾನ ಮುಟ್ಟಲಿಲ್ವಂತೆ. ಎಡಗಡೆ ಕೋಡಿ.”

“ಏನು ಎಡಗಡೆ?”

“ಕೋಡಿ, ಸಾರ್. ಒಳ್ಳೆ ಮಳೆ ಆದ ವರ್ಷ ಸಮುದ್ರ ತುಂಬಿ ಕೋಡಿ ಬೀಳುತ್ತಂತಲ್ಲ. ಆ ದಿನ ಗಂಗಮ್ಮನಿಗೆ ಬಾಗಿನ ಬಿಟ್ಟು ಗೆಸ್ಟುಗಳಿಗೆಲ್ಲ ಹೋಳಿಗೆ ಊಟ ಹಾಕ್ತಾರಂತೆ.”

ಭಟ್ಟರು ಬೆಂಚಿನಿಂದ ಬಿದ್ದೇಬಿಟ್ಟರು. ತಿಮ್ಮರಾಯಪ್ಪ ಮಾತ್ರ ಅಲುಗಾಡಲಿಲ್ಲ. ಅವರೂ ಸಮುದ್ರ ಕಂಡವರಲ್ಲ. ಆದರೆ ಗೊಟ್ಟಿಗೆರೆಯ ಏರಿಯ ಮೇಲೆ ದನ ಕಾಯುತ್ತಿದ್ದ ವಯಸ್ಸಿನಲ್ಲಿ, ಲೋಕದ ನೀರಿಗೆಲ್ಲ ಒಂದು ಏರಿ, ಒಂದು ತೂಬು, ಹೆಚ್ಚಾದ ನೀರು ಹರಿದು ಹೋಗಲು ಒಂದು ಕೋಡಿ ಇದ್ದೇ ಇರುತ್ತದೆಂದು ಅವರೂ ನಂಬಿದ್ದರು. ಸಮುದ್ರವೆಂದರೆ ತುಂಬ ದೊಡ್ಡ ಕೆರೆ. ಇಲ್ಲಿಯ ಕೆರೆಹಳ್ಳಿಗಳಲ್ಲಿ ಹುಟ್ಟಿದ ಯಾವನೂ ಬೇರೆ ಥರ ಯೋಚಿಸಲಾರ. ಕ್ಲಬ್ಬಿನ ಮಹನೀಯರಾದರೋ ಗಾಜಿನ ನೆಲದ ಮೇಲೆ ಮನಸ್ಸಿನಲ್ಲೇ ಕುಣಿಯುತ್ತಿದ್ದುದರಿಂದ ಸಮುದ್ರವೇ ಕೋಡಿ ಬಿದ್ದದ್ದು ಅವರ ಗಮನಕ್ಕೆ ಬಂದಿರಲಿಲ್ಲ.

ಹೊನ್ನಾವರದವನು ಸತ್ತರೂ ಈ ಮಾತು ಆಡುವುದಿಲ್ಲ. ಭಟ್ಟರು ನಿರಪರಾಧಿ ಎಂಬುದಕ್ಕೆ ಅಷ್ಟು ಸಾಕಿತ್ತು. ಆದರೆ ದೊಡ್ಡ ಕಚೇರಿಗೆ ಅದು ಸಾಲದು, ಅವರಿಗೆ ಬೇಕಾದದ್ದು ಕೈಗೆ ಬೇಡಿ ಬಿದ್ದ ಮನುಷ್ಯ. ತಿಮ್ಮರಾಯಪ್ಪ ಟೋಪಿ ಹಾಕಿಕೊಂಡರು. ಬುರುಡೆ ಬಿಡುವವನೂ ಕಂಡದ್ದನ್ನೇ ಹಿಗ್ಗಿಸಿ ಹೇಳುತ್ತಾನೆ, ಕಪ್ತಾನ ಸುಳ್ಳಿರಬಹುದು, ಹುಣಸೆಮರ ಸುಳ್ಳಲ್ಲ ಎಂದು ಶಾಮಣ್ಣನಿಗೆ ಹೇಳಿ ಜೀಪು ಹತ್ತಿದರು.

ಮೇ ೨೯, ಬುಧವಾರ. ಗೊಟ್ಟಿಗೆರೆಯ ಕೆರೆ ತಿಮ್ಮರಾಯಪ್ಪನವರ ಅಂಗೈ ಗೆರೆಯಿದ್ದಂತೆ, ಅಲ್ಲಿ ಅಂಥ ಮರವಿಲ್ಲ. ಹೊಸಕೆರೆಹಳ್ಳಿಯಲ್ಲಿ ಕೋಡಿ ಇತ್ತು, ಅಕ್ಕಂದಿರ ಕಲ್ಲು ಇರಲಿಲ್ಲ. ಸಾರಕ್ಕಿಯ ಏರಿಯ ಮೇಲೆ ಜೀಪು ನಿಲ್ಲುವಾಗ ಬಿಸಿಲು ಇಳಿಯುತ್ತಿತ್ತು. ಎದುರಿಗೆ ನೀರು, ಎಡಕ್ಕೆ ಕೋಡಿ, ಹಿಂದೆ ಸೊಂಟ ಬಗ್ಗಿದ ಹುಣಸೆಮರ, ಬುಡದಲ್ಲಿ ಕುಂಕುಮ ಬಳಿದ ಏಳು ಕಲ್ಲು. ರತ್ನಾಕರ ಪ್ಯಾಲೇಸ್ ಇರಬೇಕಾದ ಜಾಗದಲ್ಲಿ, ಒಂದು ಮೊಳವೂ ಆಚೀಚೆ ಇಲ್ಲದಂತೆ, ಒಂದು ಹುಲ್ಲಿನ ಗುಡಿಸಲು ನಿಂತಿತ್ತು.

ಬೇಲಿಯ ಮೇಲೆ ಒಗೆದು ಹರವಿದ್ದ ಬಿಳಿ ಕೋಟು. ಅದರ ಪಕ್ಕದಲ್ಲಿ ಆನೆಯಷ್ಟು ದೊಡ್ಡ ಹೊಸ ಎಮ್ಮೆ. ಒಬ್ಬ ಗಂಡಸು ಬೆನ್ನು ತಿರುಗಿಸಿ ಕೂತು ಹಾಲು ಕರೆಯುತ್ತಿದ್ದ.

“ರೂಮು ಖಾಲಿ ಇದೆಯೇನಪ್ಪ?” ಎಂದರು ತಿಮ್ಮರಾಯಪ್ಪ.

ಅವನು ತಿರುಗಲಿಲ್ಲ. ಕರೆಯುವುದನ್ನೂ ನಿಲ್ಲಿಸಲಿಲ್ಲ.

“ಸಮುದ್ರದ ಕಡೆ ಮುಖ ಇರೋದು ಬೇಕಾ, ಸಾರ್?”

ಹೆಸರು ಚಿಕ್ಕಬೈರಪ್ಪ. ಜಯನಗರದ ಮನೆಗಳಿಗೆ ಹಾಲು ಹಾಕುವವನು. ಊರ ನಾಟಕದಲ್ಲಿ ರಾಜಪಾರ್ಟು ಮಾಡುತ್ತಿದ್ದವನು, ಅವನ ಗದ್ದರಣೆಗೆ ಅರೆಕೆರೆಯಲ್ಲಿ ಮಲಗಿದ್ದ ಕೂಸುಗಳು ಏಳುತ್ತಿದ್ದವಂತೆ. ಸೂಟು, ಹ್ಯಾಟು ನಾಟಕದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯವು. ಭಟ್ಟರ ಸುದ್ದಿ ಅವನಿಗೆ ತಿಳಿದಿತ್ತು, ನಾಳೆ ಬಂದು ಒಪ್ಪಿಕೊಳ್ಳುವವನಿದ್ದ.

“ನಾಳೆ ಯಾಕೆ? ಇವತ್ತು ಏನಾಗಿತ್ತು ನಿಂಗೆ ದಾಡಿ?”

“ಹಾಲು ಹಾಕೋದಿತ್ತು, ಸಾರ್.”

ತಿಮ್ಮರಾಯಪ್ಪನವರಿಗೆ ಮೈಯೆಲ್ಲ ಉರಿಯಿತು. ನಿನ್ನ ಆಟಕ್ಕೆ ಒಬ್ಬ ಬಡಪಾಯಿ ಬೆಂಚಿನ ಮೇಲೆ ಕೂತು ಕೊಳೆಯುತ್ತಿದ್ದಾನೆ ಎಂದು, ಏರಿ ಬಿರುಕು ಬಿಡುವ ಹಾಗೆ ಗದರಿದರು. ಚಿಕ್ಕಬೈರಪ್ಪ ತಲೆ ತಗ್ಗಿಸಿದ. ಅದೊಂದು ತಪ್ಪು ಎಂದ. ಉಳಿದದ್ದಕ್ಕೆ ತಪ್ಪು ಎನ್ನಲಿಲ್ಲ.

ಉಳಿದದ್ದನ್ನು ಹೇಳಿದ್ದು ಒಳಗಿನಿಂದ ಬಂದ ಅವನ ತಾಯಿ ಬೈರಮ್ಮ. ನಂದನ ಕ್ಲಬ್ಬು ಎದ್ದಿರುವುದು ಇವರ ಹೊಲದ ಮೇಲೆ. ಬಡಾವಣೆಗೆ ಎಲ್ಲರ ಜಮೀನೂ ಹೋಯಿತು, ಇವರದೂ ಹೋಯಿತು, ಅದಕ್ಕೆ ಅವಳು ಅಳಲಿಲ್ಲ. ಆದರೆ ಅಲ್ಲೊಂದು ಬಾವಿ ಇತ್ತು. ಅವಳ ಮಾವ ರಾಮಯ್ಯ ಬಂಡೆ ಸೀಳಿ ತೋಡಿದ್ದು. ವರ್ಷಕ್ಕೊಮ್ಮೆ ಆ ಬಾವಿಯ ಗಂಗಮ್ಮನಿಗೆ ಅರಿಶಿನ ಕುಂಕುಮ ಇಡುವುದು ಈ ಮನೆಯ ಸೊಸೆಯ ಪಾಲಿನ ಕೆಲಸ. ಯುಗಾದಿ ಕಳೆದ ಮೇಲೆ ತಟ್ಟೆ ಹಿಡಿದುಕೊಂಡು ಹೋಗಿದ್ದಳು. ಸದಸ್ಯರಿಗೆ ಮಾತ್ರ ಎಂದು ಗೇಟು ಹಾಕಿಸಿದವರು ಕಾರ್ಯದರ್ಶಿ ಸಾಹೇಬರು.

“ದಿನಾ ನಮ್ಮ ಎಮ್ಮೆ ಹಾಲಲ್ಲಿ ಕಾಪಿ ಕುಡಿಯೋರು, ಸ್ವಾಮಿ,” ಎಂದಳು ಬೈರಮ್ಮ. “ಕುಂಕುಮ ಇಟ್ಟು ಹೋಯ್ತೀನಿ ಅಂದ್ರೆ, ಯಾರು ನೀನು ಅಂದ್ರು. ಹೊತ್ತು ನೆತ್ತಿಗೆ ಬರೋಗಂಟ ಗೇಟ್ ಹತ್ರ ನಿಂತಿದ್ದೆ.”

“ಅವರನ್ನೂ ಒಂದು ಗೇಟ್ ಮುಂದೆ ನಿಲ್ಲಿಸ್ಬೇಕು ಅನ್ನಿಸ್ತು, ಸಾರ್,” ಎಂದ ಚಿಕ್ಕಬೈರಪ್ಪ. “ನಂಗೆ ಗೇಟ್ ಕಟ್ಸೋ ಯೋಗ್ಯತೆ ಇಲ್ಲ. ಅದಕ್ಕೇ ಬಾಯಲ್ಲಿ ಕಟ್ಟಿದೆ.”

ಎರಡು ದಿನದಿಂದ ತಿಮ್ಮರಾಯಪ್ಪನವರ ಎದೆಯಲ್ಲಿ ಕುದಿಯುತ್ತಿದ್ದ ಸಿಟ್ಟು ಆರಿರಲಿಲ್ಲ, ಮಗ್ಗಲು ಬದಲಾಯಿಸಿತ್ತು. ಆದರೂ ಮೋಸ ಮೋಸವೇ. ಆ ಜಾಗದಲ್ಲೇ ಪಂಚರನ್ನು ಕರೆಸಿ ಪಂಚನಾಮೆ ಬರೆಸಿದರು. ಕೋಟು, ಹ್ಯಾಟು, ಕನ್ನಡಕ, ಹುಲ್ಲುಬಣವೆಯಲ್ಲಿ ಸಿಕ್ಕಿದ ಹಣದ ಗಂಟು, ಮತ್ತು ಮುಂಗಡದಲ್ಲಿ ಕೊಂಡಿದ್ದ ಆ ಎಮ್ಮೆ ಜಪ್ತಿಯಾದವು. ಅಂದರೆ, ಒಂದು ತಿಂಗಳಿನಿಂದ ಹಾಲು ಎಷ್ಟು ಗಟ್ಟಿಯಾಗಿದೆಯೆಂದು ಜಯಸಿಂಹರು ಹೊಗಳುತ್ತಿದ್ದದ್ದು ತಮ್ಮ ದುಡ್ಡಿನ ಎಮ್ಮೆಯನ್ನೇ. ಸಂಜೆ ಐದೂವರೆಗೆ ಚಿಕ್ಕಬೈರಪ್ಪನನ್ನು ದಸ್ತಗಿರಿ ಮಾಡಲಾಯಿತು.

ಮೇ ೩೦, ಗುರುವಾರ. ಕೋರ್ಟಿಗೆ ಹೋಗುವ ಮುಂಚೆ ಕೃತ್ಯ ನಡೆದ ಸ್ಥಳವಾದ ಕ್ಲಬ್ಬಿನಲ್ಲಿ ಮಹಜರು ಆಗಬೇಕು, ಮಹಜರಿಗೆ ಆರೋಪಿ ಇರಬೇಕು. ಜೀಪಿನಲ್ಲಿ ಮುಂದೆ ತಿಮ್ಮರಾಯಪ್ಪ, ಹಿಂದೆ ಚಿಕ್ಕಬೈರಪ್ಪ, ಎದುರು ಸೀಟಿನಲ್ಲಿ ಬಿಡುಗಡೆಯಾದ ಭಟ್ಟರು. ಭಟ್ಟರು ದಾರಿಯುದ್ದಕ್ಕೂ ಬೈದರು.

“ಸಮುದ್ರಕ್ಕೆ ಕೋಡಿಯಂತೆ! ನಮ್ಮೂರಿನ ಮರ್ಯಾದೆ ತೆಗೆದೆಯಲ್ಲ ಮಾರಾಯ.”

“ಕೋಡಿ ಇಲ್ವಾ?” ಚಿಕ್ಕಬೈರಪ್ಪನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. “ಹಂಗಾದ್ರೆ ಅಷ್ಟೂ ನೀರು ಎಲ್ಲೋಗ್ತದೆ, ಭಟ್ರೇ?”

ಭಟ್ಟರು ಬಾಯಿ ತೆರೆದರು, ಯೋಚಿಸಿದರು, ಆಮೇಲೆ ಕ್ಲಬ್ಬು ಬರುವವರೆಗೂ ಸಮುದ್ರ ಸೇರುವ ಹೊಳೆಗಳನ್ನು ಬೆರಳು ಮಡಿಸಿ ಎಣಿಸುತ್ತ ಕೂತರು.

ಸದಸ್ಯರೆಲ್ಲ ವರಾಂಡದಲ್ಲಿ ನೆರೆದಿದ್ದರು. ಜಯಸಿಂಹರು ಚಿಕ್ಕಬೈರಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವನಲ್ಲ, ಇವನನ್ನು ನಾನು ಕಂಡೇ ಇಲ್ಲ ಎಂದುಬಿಟ್ಟರು. ಅವರ ಹೊಸಿಲಲ್ಲಿ ದಿನಾ ಬೆಳಿಗ್ಗೆ ಹಾಲು ಅಳೆಯುವ ಮನುಷ್ಯ! ತಿಮ್ಮರಾಯಪ್ಪ ಬೇಡಿ ಬಿಚ್ಚಿ, ಜಪ್ತಿಯಾದ ಕೋಟನ್ನು ಅವನಿಗೆ ತೊಡಿಸಿ, ಬೇಡಿ ಮತ್ತೆ ಹಾಕಿದರು, ಕನ್ನಡಕ ಇಟ್ಟರು, ಹ್ಯಾಟು ಹಾಕಿದರು. ಜಯಸಿಂಹರು ತಮಗೇ ಗೊತ್ತಿಲ್ಲದೆ ಕುರ್ಚಿಯಿಂದ ಎದ್ದು ಕೈಮುಗಿದರು. ಮುಗಿದ ಕೈ ಬಿಡಿಸುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ವಾರಿಜಾ ಮುಖ ಆಚೆ ತಿರುಗಿಸಿಕೊಂಡಳು.

“ಗುರುತು ಸಿಕ್ತಲ್ಲ,” ಎಂದರು ತಿಮ್ಮರಾಯಪ್ಪ. “ಮೊದಲು ಕ್ಯಾಂಟೀನಿನ ಬೀಗ ತೆಗೀರಿ. ಆಮೇಲೆ ಭಟ್ಟರ ಹತ್ರ ಕ್ಷಮೆ ಕೇಳಿ.”

ಬೀಗ ತೆಗೆದರು. ಹಿಟ್ಟು ಹುಳಿ ಬಂದು ಬಾಗಿಲವರೆಗೆ ಉಕ್ಕಿ ಬಂದಿತ್ತು. ಭಟ್ಟರು ಅದನ್ನು ತೋರಿಸಿ, ನೋಡಿ, ಕೋಡಿ ಬಿದ್ದದ್ದು ಇಲ್ಲಿ ಎಂದರು.

ಆಗ ಗೇಟಿನ ಕಾವಲುಗಾರ ಬಂದು, ಹೊರಗೆ ಒಬ್ಬಳು ಮುದುಕಿ ತಟ್ಟೆ ಹಿಡಿದು ನಿಂತಿದ್ದಾಳೆ, ಗೇಟು ಹಾಕಲೇ ಎಂದು ಕೇಳಿದ. ಸಾರಕ್ಕಿಯಿಂದ ಠಾಣೆಗೆ, ಠಾಣೆಯಿಂದ ಜೀಪಿನ ಜಾಡು ಹಿಡಿದು ಇಲ್ಲಿಗೆ ನಡೆದು ಬಂದಿದ್ದಳು ಬೈರಮ್ಮ. ಜಯಸಿಂಹರು ಏನೋ ಹೇಳಲು ಕೈ ಎತ್ತಿದರು. ತಿಮ್ಮರಾಯಪ್ಪ ಕೆಮ್ಮಿದರು. ಲಾಲ್‌ಬಾಗಿನ ಬಾವಲಿಗಳ ಗತಿ ಏನಾಯಿತೋ, ಜಯಸಿಂಹರ ಕೈಯಂತೂ ಕೆಳಗಿಳಿಯಿತು.

“ಸರ್ಕಾರಿ ಮಹಜರು ನಡೀತಿದೆ. ಬರೆದು ಮುಗಿಯೋವರೆಗೂ ಗೇಟ್ ಮುಚ್ಚೋ ಹಾಗಿಲ್ಲ,” ಎಂದು, ಲಾಠಿ ಊರಿ ಗೇಟಿನ ನಡುವೆ ನಿಂತರು.

ಬೈರಮ್ಮ ಒಳಗೆ ಬಂದಳು. ಗುಲಾಬಿ ಗಿಡಗಳ ಆಚೆ ಬಾವಿಯ ಮೇಲೆ ಕಬ್ಬಿಣದ ಜಾಲರಿ ಹಾಕಿತ್ತು. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಕಟ್ಟೆಯ ಧೂಳನ್ನು ಅಂಗೈಯಿಂದ ಒರೆಸತೊಡಗಿದಳು. ಅವಸರ ಮಾಡಲಿಲ್ಲ. ಬೇಡಿಯ ಕೈಯಲ್ಲೇ ಹ್ಯಾಟು ತೆಗೆದು ಹಿಡಿದುಕೊಂಡ ಚಿಕ್ಕಬೈರಪ್ಪ.

ದಫೇದಾರ್ ಶಾಮಣ್ಣ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ, ಮೊದಲ ಸಾಲನ್ನು ಸರಸರನೆ ಬರೆಯಲು ಹೊರಟ.

“ನಿಧಾನಕ್ಕೆ ಬರಿ, ಶಾಮಣ್ಣ,” ಎಂದರು ತಿಮ್ಮರಾಯಪ್ಪ. “ದಪ್ಪ ಅಕ್ಷರದಲ್ಲಿ.”