ಪುದಿಯಾಪ್ಳೆಯ ಕೋಣೆಗೆ ಹಳದಿ ಬಣ್ಣ

"ಎಂತ ಮಾರಾಯ, ಈಗ ಬರುವುದಾ? ಸೂರ್ಯ ನೆತ್ತಿಗೆ ಬಂದ ಮೇಲೆ?"

ಗೇಟಿನ ಬಳಿ ನಿಂತಿದ್ದ ಯಾರನ್ನೋ ಅಜ್ಜಿ ರುಕಿಯಮ್ಮ ತರಾಟೆಗೆ ತೆಗೆದುಕೊಳ್ಳುತ್ತಿದ್ದದ್ದು ಒಳಗಿದ್ದ ಆಸ್ಯಾಳಿಗೆ ಕೇಳಿಸಿತು. ಅಜ್ಜಿಯ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

"ನಾನು..." ಎಂದು ಗಂಡು ದನಿಯೊಂದು ತಡವರಿಸಿತು.

"ನೀನು ಎರ್ಮಾಳಿನ ಸುಣ್ಣದವನು, ಅಲ್ವಾ? ನಿನ್ನೆಯಿಂದ ಕಾಯ್ತಾ ಇದ್ದೇವೆ. ಶುಕ್ರವಾರ ಪುದಿಯಾಪ್ಳೆ ಬರ್ತಾನೆ, ಗೋಡೆಗಳು ನೋಡಿದರೆ ಹೀಗೆ!"

ಹೊರಗಿದ್ದವನು ಓಡಿಹೋದನೋ ಏನೋ ಎಂದುಕೊಂಡಳು ಆಸ್ಯಾ.

"ಹೌದು ಅಜ್ಜಿ," ಎಂದಿತು ದನಿ ಕೊನೆಗೆ. "ನಾನೇ ಸುಣ್ಣದವನು."

ಕಾಪುವಿನ ದೀಪಸ್ತಂಭಕ್ಕೆ ಕೂಗಳತೆಯಲ್ಲಿದ್ದ ಆ ಹಂಚಿನ ಮನೆಯಲ್ಲಿ ಮಧ್ಯಾಹ್ನವೂ ಮುಸ್ಸಂಜೆಯೇ. ಕಿಟಕಿಗಳು ಅಂಗೈಯಗಲ, ತೊಲೆಗಳಿಗೆ ಮಸಿ, ಗೋಡೆಗಳಿಗೆ ಅಜ್ಜನ ಕಾಲದ ಹೊಗೆ. ಎಪ್ಪತ್ತೆಂಟನೆಯ ಇಸವಿ ಬಂದದ್ದು ಆ ಮನೆಗೆ ಇನ್ನೂ ತಿಳಿದಿರಲಿಲ್ಲ. ಈಗ ಅದಕ್ಕೆ ಕಳೆ ಬರಲೇಬೇಕಿತ್ತು. ಪುದಿಯಾಪ್ಳೆ, ಅಂದರೆ ಮದುಮಗ, ಬರುವವನಿದ್ದ. ಅವರ ಕಡೆ ಮದುವೆಯಾದ ಗಂಡು ಹೆಂಡತಿಯ ಮನೆಗೇ ಬರುತ್ತಾನೆ. ಅವನಿಗೆಂದೇ ಒಂದು ಕೋಣೆಯನ್ನು ಸಿಂಗರಿಸಿ ಇಡಬೇಕು.

ಆಸ್ಯಾಳ ನಿಕಾಹ್ ಆಗಿ ಎರಡು ವರ್ಷ. ಮಸೀದಿಯಲ್ಲಿ ದೊಡ್ಡಪ್ಪ ಪುತ್ತುಬ್ಬ ಮದುಮಗ ಜಮಾಲುದ್ದೀನನ ಕೈ ಹಿಡಿದು ಒಪ್ಪಿಸಿದಾಗ ಅವಳು ಇದೇ ಕೋಣೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅದೇ ವಾರ ಹುಡುಗ ದುಬಾಯಿಗೆ ಹೊರಟುಹೋದ. ಅವನನ್ನು ಮೆರವಣಿಗೆಯಲ್ಲಿ ಮನೆಗೆ ಕರೆತರುವ ಕಲ್ಯಾಣದ ಊಟ ಅವನು ರಜೆಯಲ್ಲಿ ಬಂದ ಮೇಲೆ ಎಂದಾಯಿತು. ಅಲ್ಲಿಯವರೆಗೆ ಮದುಮಗ ಈ ಗೇಟಿನೊಳಗೆ ಕಾಲಿಡುವ ಹಾಗಿಲ್ಲ. ಇಟ್ಟರೆ ಊರಿಡೀ ನಗುತ್ತದೆ.

ಹಾಗಾಗಿ ಆಸ್ಯಾಳಿಗೆ ಗಂಡನೆಂದರೆ ಒಂದು ಫೋಟೋ. ಅದರಲ್ಲಿ ಮುಖ ಅಷ್ಟು ಸ್ಪಷ್ಟವಿರಲಿಲ್ಲ, ವಾಚ್ ಮಾತ್ರ ಬಹಳ ಸ್ಪಷ್ಟವಿತ್ತು. ಗಲ್ಫಿಗೆ ಹೋದ ಹುಡುಗರು ಫೋಟೋ ತೆಗೆಸುವಾಗ ಎಡಗೈಯನ್ನು ಎದೆಯ ಮೇಲೆ ಇಟ್ಟುಕೊಳ್ಳುತ್ತಿದ್ದ ಕಾಲ ಅದು.

*

ಹೊರಗಿನ ಗಂಡಸರ ಎದುರು ಬರುವ ಪದ್ಧತಿ ಇರಲಿಲ್ಲ. ಕೋಣೆಯ ಬಾಗಿಲಿಗೆ ಹೂವಿನ ಪರದೆ. ಆಚೆ ಕೋಣೆಯೊಳಗೆ ಅವನು, ಈಚೆ ನಡುಮನೆಯಲ್ಲಿ ಅವಳು, ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತಾ ಕಾವಲಿಗೆ ಕೂತ ಅಜ್ಜಿ. ಪರದೆ ನೆಲಕ್ಕಿಂತ ಗೇಣುದ್ದ ಮೇಲಿದ್ದುದರಿಂದ ಆಸ್ಯಾಳಿಗೆ ಅವನ ಪಾದಗಳು ಕಾಣುತ್ತಿದ್ದವು. ಗಾಳಿ ಬೀಸಿದರೆ ಮೊಣಕಾಲವರೆಗೆ ಎತ್ತಿ ಕಟ್ಟಿದ ಲುಂಗಿ, ಸುಣ್ಣ ಹಾರದಂತೆ ಮುಖಕ್ಕೆ ಸುತ್ತಿದ ಬೈರಾಸು ಟವೆಲು, ಅದರ ಮೇಲೆ ಎರಡು ಕಣ್ಣು. ಗಾಳಿ ನಿಂತರೆ ಮತ್ತೆ ಪಾದಗಳೇ.

ಕೆಲಸ ಅವನಿಗೆ ಬರುತ್ತಿರಲಿಲ್ಲ. ಗೋಡೆಗಿಂತ ಹೆಚ್ಚು ಸುಣ್ಣ ನೆಲದ ಮೇಲಿತ್ತು. ಆಸ್ಯಾ ತಡೆದುಕೊಂಡಳು, ತಡೆದುಕೊಂಡಳು, ಕೊನೆಗೆ ಆಗಲಿಲ್ಲ.

"ಅದು ಹಾಗಲ್ಲ. ಮೊದಲು ಮೇಲಿಂದ ಕೆಳಗೆ ಬಳಿಯಬೇಕು, ಆಮೇಲೆ ಅಡ್ಡ. ಇಲ್ಲದಿದ್ದರೆ ಒಣಗಿದ ಮೇಲೆ ಪಟ್ಟೆ ಕಾಣ್ತದೆ."

ಕುಂಚ ನಿಂತಿತು. "ನಿಮಗೆ ಸುಣ್ಣ ಬಳಿಯಲಿಕ್ಕೆ ಗೊತ್ತುಂಟಾ?"

"ನಿಮಗೆ ಗೊತ್ತಿಲ್ವಾ?"

"ನಾನು ಸ್ವಲ್ಪ ಹೊಸಬ."

"ಅದನ್ನು ಗೋಡೆಯೇ ಹೇಳ್ತಾ ಉಂಟು."

ಆಚೆಯಿಂದ ನಗು ಕೇಳಿಸಿತು, ಬೈರಾಸಿನೊಳಗೆ ಅಡಗಿದ ಮೆತ್ತನೆಯ ನಗು. ಆಸ್ಯಾ ತಾನೂ ನಕ್ಕಳು. ನಕ್ಕದ್ದು ಗೊತ್ತಾದ ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮರುದಿನ ಅವನೇ ಮಾತು ತೆಗೆದ. "ಬಣ್ಣ ಯಾವುದು?"

"ದೊಡ್ಡಪ್ಪ ಉಡುಪಿಯಿಂದ ಗುಲಾಬಿ ತಂದಿದ್ದಾರೆ. ಗಲ್ಫಿನವರಿಗೆ ಗುಲಾಬಿ ಇಷ್ಟ ಅಂತೆ."

"ಗಲ್ಫಿನವರದ್ದು ಇರಲಿ. ನಿಮಗೆ ಯಾವುದು ಇಷ್ಟ?"

ಮಂಚ ಎತ್ತ ಇಡಬೇಕು, ಕನ್ನಡಿ ಎಷ್ಟು ದೊಡ್ಡದಿರಬೇಕು ಎಂದು ಮನೆಯಲ್ಲಿ ತಿಂಗಳಿಂದ ಚರ್ಚೆ ನಡೆದಿತ್ತು. ಆಸ್ಯಾಳನ್ನು ಯಾರೂ ಕೇಳಿರಲಿಲ್ಲ. ಅವಳೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

"ಇದು ಪುದಿಯಾಪ್ಳೆಯ ಕೋಣೆ," ಎಂದಳು.

"ಪುದಿಯಾಪ್ಳೆ ರಜೆ ಮುಗಿಸಿ ಹೋದ ಮೇಲೆ ಇಲ್ಲಿ ಇರುವುದು ಯಾರು?"

ಅವಳ ತಾಯಿ, ಉಮ್ಮ, ಇದ್ದದ್ದೂ ಇದೇ ಕೋಣೆಯಲ್ಲಿ. ತಂದೆ ಹಡಗಿನಲ್ಲಿ ದುಡಿಯುತ್ತಿದ್ದವರು, ಎರಡು ವರ್ಷಕ್ಕೊಮ್ಮೆ ನೆಂಟರ ಹಾಗೆ ಬಂದು ಹೋಗುವವರು. ಅವರು ಬರುವ ಮೊದಲು ಗೋಡೆಗೆ ಸುಣ್ಣ ಬಳಿಯುತ್ತಿದ್ದದ್ದು ಉಮ್ಮ, ಬಕೆಟ್ ಹಿಡಿಯುತ್ತಿದ್ದದ್ದು ಆಸ್ಯಾ. ತಂದೆ ಹೋದ ಮೇಲೆ ಉಮ್ಮ ಬಾಗಿಲು ಮುಚ್ಚಿಕೊಂಡು ಆ ಬಿಳಿ ಗೋಡೆಯನ್ನೇ ನೋಡುತ್ತಾ ಕೂರುತ್ತಿದ್ದಳು. ಈಗ ಇಬ್ಬರೂ ಇಲ್ಲ. ಆ ಕೂರುವ ಸರದಿ ಇನ್ನು ತನ್ನದು ಎಂದು ಆಸ್ಯಾಳಿಗೆ ಭಯವಾಗುತ್ತಿತ್ತು. ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

"ಹಳದಿ," ಎಂದಳು ನಿಧಾನವಾಗಿ. "ಕಡು ಹಳದಿ ಅಲ್ಲ. ಹಲಸಿನ ತೊಳೆ ಇರ್ತದಲ್ಲ, ಆ ಹಳದಿ."

"ಹಾಗಾದರೆ ಹಳದಿ," ಎಂದ ಅವನು, ಬೇರೆ ಬಣ್ಣವೇ ಲೋಕದಲ್ಲಿ ಇಲ್ಲವೆಂಬಂತೆ.

ಸಂಜೆ ಅವನು ಹೋದ ಮೇಲೆ ಮನೆ ಬಣಗುಟ್ಟಿತು. ಆಸ್ಯಾ ಹಸಿ ಗೋಡೆಯ ವಾಸನೆಯಲ್ಲಿ ಸುಮ್ಮನೆ ನಿಂತಿದ್ದಳು. ನಾಳೆ ಬೇಗ ಬೆಳಗಾಗಲಿ ಅನ್ನಿಸಿತು. ನಿಕಾಹ್ ಆದವಳು ತಾನು! ಗಂಡನಿಗೆಂದು ಸಿಂಗರಿಸುವ ಕೋಣೆಯಲ್ಲಿ ಸುಣ್ಣದವನ ನಗುವಿಗೆ ಕಿವಿ ಕೊಟ್ಟು ಕೂರುವುದೆಂದರೆ? ಅವಳಿಗೆ ಅಳು ಬಂತು. ನಾಳೆಯಿಂದ ಪರದೆಯ ಹತ್ತಿರ ಸುಳಿಯುವುದೇ ಇಲ್ಲ ಎಂದು ತೀರ್ಮಾನಿಸಿದಳು.

*

ಆ ತೀರ್ಮಾನ ಮರುದಿನ ಚಹಾದ ಹೊತ್ತಿನವರೆಗೂ ಉಳಿಯಲಿಲ್ಲ. ಅವನು ಗಾಜಿನ ಹಂಚು ಹಿಡಿದು ಏಣಿಯ ಮೇಲೆ ನಿಂತಿದ್ದ.

"ಇದನ್ನು ಎಲ್ಲಿ ಇಡಲಿ?"

ಆಸ್ಯಾ ಹೇಳಬಾರದೆಂದಿದ್ದಳು, ಹೇಳಿಬಿಟ್ಟಳು. "ಕಿಟಕಿಯ ಮೂಲೆಗೆ. ಅಲ್ಲಿ ಕೂತು ವಾರಪತ್ರಿಕೆ ಓದುವುದು ನಾನು. ಧಾರಾವಾಹಿಯ ಕೊನೆ ಬರುವಾಗಲೇ ಕತ್ತಲೆ ಆಗ್ತದೆ."

ಹಳೆಯ ಹಂಚೊಂದು ಸರಿಯಿತು. ಗಾಜಿನದು ಕೂತಿತು. ಅಷ್ಟು ವರ್ಷ ಆ ಕೋಣೆಗೆ ದಾರಿ ಗೊತ್ತಿಲ್ಲದ ಬಿಸಿಲು ನೇರವಾಗಿ ಇಳಿದು ಬಂದು, ನೆಲದ ಮೇಲೆ ಚೌಕಾಕಾರವಾಗಿ ಕೂತು, ಪರದೆಯ ಅಡಿಯಿಂದ ಅವಳ ಕಾಲಬೆರಳಿನವರೆಗೂ ಚಾಚಿತು. ಆಸ್ಯಾ ಬಗ್ಗಿ ಕೈಯನ್ನು ಆ ಬೆಳಕಿಗೆ ಒಡ್ಡಿದಳು. ಗಾಜಿನ ಬಳೆಗಳ ಹಸಿರು ನೆಲದ ಮೇಲೆ ನಡುಗಿತು. ಏಣಿಯ ಮೇಲೆ ಸದ್ದೇ ಇಲ್ಲ. ಅವನು ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಕೈ ಹಿಂದಕ್ಕೆ ಎಳೆದುಕೊಳ್ಳಬೇಕಿತ್ತು. ಸ್ವಲ್ಪ ತಡವಾಗಿಯೇ ಎಳೆದುಕೊಂಡಳು.

ಆಮೇಲೆ ಪರದೆಯ ಅಂಚಿನಿಂದ ಚಹಾದ ಲೋಟ ಚಾಚಿದಳು. ಅವನು ಎಡಗೈ ಮುಂದೆ ಮಾಡಿದ, ಬಲಗೈ ಪೂರ್ತಿ ಸುಣ್ಣವಾಗಿತ್ತು. ಬಿಸಿಲಿಗೆ ಕಪ್ಪಾದ ಕೈ. ಮಣಿಕಟ್ಟಿನ ಸುತ್ತ ಮಾತ್ರ ಬೆಳ್ಳಗಿನ ಒಂದು ಪಟ್ಟಿ. ವರ್ಷಗಟ್ಟಲೆ ವಾಚ್ ಕಟ್ಟಿದ ಗುರುತು.

ಎರ್ಮಾಳಿನ ಯಾವ ಸುಣ್ಣದವನು ವಾಚ್ ಕಟ್ಟುತ್ತಾನೆ?

ಲೋಟ ಅವನ ಕೈಗೆ ಬಿಟ್ಟದ್ದೇ ಆಸ್ಯಾ ಒಳಕೋಣೆಗೆ ಓಡಿದಳು. ಪೆಟ್ಟಿಗೆಯ ತಳದಿಂದ ಫೋಟೋ ತೆಗೆದಳು. ಈ ಸಲ ವಾಚ್ ನೋಡಲಿಲ್ಲ, ಕಣ್ಣುಗಳನ್ನು ನೋಡಿದಳು. ಬೈರಾಸಿನ ಮೇಲೆ ಗಾಳಿ ಬೀಸಿದಾಗಲೆಲ್ಲ ಕಂಡ ಅದೇ ಎರಡು ಕಣ್ಣುಗಳು. ಅವಳಿಗೆ ಮೊದಲು ಸಿಟ್ಟು ಬಂತು. ಆಮೇಲೆ ಮುಖವೆಲ್ಲ ಬಿಸಿಯಾಯಿತು. ಆಮೇಲೆ ಯಾರೋ ಎದೆಯ ಮೇಲಿನ ಒರಳುಕಲ್ಲು ಇಳಿಸಿದ ಹಾಗಾಗಿ ಅಲ್ಲೇ ಕೂತುಬಿಟ್ಟಳು.

ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಇನ್ನೊಬ್ಬನ ಕೂಗು. "ಜ್ವರ ಬಂದಿತ್ತು ಅಕ್ಕ, ಅದಕ್ಕೆ ತಡ ಆಯ್ತು. ನಾನು ಎರ್ಮಾಳಿನಿಂದ, ಸುಣ್ಣ ಬಳಿಯಲಿಕ್ಕೆ."

ಆಸ್ಯಾ ಬಾಗಿಲ ಮರೆಯಿಂದಲೇ ಹೇಳಿದಳು, "ಬೇಡ ಅಣ್ಣ. ಕೆಲಸಕ್ಕೆ ಜನ ಸಿಕ್ಕಿದ್ದಾರೆ."

"ಒಳ್ಳೆಯ ಕೆಲಸಗಾರನಾ?"

"ಇಲ್ಲ," ಎಂದಳು ಆಸ್ಯಾ. "ಆದರೂ ಇರಲಿ."

*

ಆ ದಿನ ಜಮಾಲುದ್ದೀನನಿಗೆ ಗ್ರಹಚಾರ ಕಾದಿತ್ತು. ತೊಲೆಯ ಮಸಿ ಉಜ್ಜಬೇಕಾಯಿತು. ಕಿಟಕಿಯ ಸರಳುಗಳ ತುಕ್ಕು ಕೆರೆಯಬೇಕಾಯಿತು. ಬಳಿದ ಗೋಡೆಯನ್ನೇ ಮತ್ತೆ ಬಳಿಯಬೇಕಾಯಿತು.

"ಅಲ್ಲಿ ಪಟ್ಟೆ ಉಂಟು."

"ಎಲ್ಲಿ? ಕಾಣುವುದಿಲ್ವಲ್ಲ."

"ನನಗೆ ಕಾಣ್ತದೆ. ನಮ್ಮ ಪುದಿಯಾಪ್ಳೆ ದೊಡ್ಡ ಮನುಷ್ಯ. ಕೋಣೆ ಚೆಂದ ಇಲ್ಲದಿದ್ದರೆ ಅವರಿಗೆ ಆಗುವುದಿಲ್ಲ."

"ಹಾಗೆ ಯಾರು ಹೇಳಿದ್ದು?"

"ಫೋಟೋ ನೋಡಿದರೆ ಗೊತ್ತಾಗುವುದಿಲ್ವಾ? ಮುಖಕ್ಕಿಂತ ಜಂಬವೇ ಜಾಸ್ತಿ."

ಆಚೆ ಕೆಮ್ಮು ಬಂತು. ಆಸ್ಯಾ ಕೆಳತುಟಿ ಕಚ್ಚಿಕೊಂಡು ನಗು ನುಂಗಿದಳು. ಜಗಲಿಯಲ್ಲಿ ಅಜ್ಜಿಯ ಕುಟ್ಟಾಣಿಯ ಸದ್ದು ನಿಂತಿತ್ತು, ಗೊರಕೆ ಶುರುವಾಗಿತ್ತು.

ಬಹಳ ಹೊತ್ತಿನ ಮೇಲೆ ಅವನ ಪಾದಗಳು ಪರದೆಯ ಹತ್ತಿರ ಬಂದು ನಿಂತವು. ದನಿಯಲ್ಲಿ ನಗುವಿರಲಿಲ್ಲ.

"ಒಂದು ಮಾತು ಕೇಳಲಾ? ನಿಮ್ಮ ಪುದಿಯಾಪ್ಳೆ ಗಲ್ಫಿಗೆ ಹಿಂದೆ ಹೋಗದಿದ್ದರೆ?"

ಆಸ್ಯಾ ಪರದೆಗೆ ಹತ್ತಿರವಾದಳು. "ಅಂದರೆ?"

"ಅಂದರೆ, ಕಂಪೆನಿ ಮುಚ್ಚಿದೆ ಅಂತ ಇಟ್ಟುಕೊಳ್ಳಿ. ಬೇರೆ ಕಡೆ ಕೆಲಸ ಉಂಟು ಅಂತ ಕರೆದಿದ್ದಾರೆ. ಅವನಿಗೇ ಹೋಗಲಿಕ್ಕೆ ಮನಸ್ಸಿಲ್ಲ. ಎರಡು ವರ್ಷ ಮರಳು ನೋಡಿ ನೋಡಿ, ನಿಕಾಹ್ ಆದ ಹುಡುಗಿಯ ಮುಖ ಹೇಗುಂಟು ಅಂತಲೂ ಗೊತ್ತಿಲ್ಲದೆ, ಸಾಕಾಗಿದೆ ಅವನಿಗೆ. ಇಲ್ಲೇ ಕಾಪು ಪೇಟೆಯಲ್ಲಿ ಸಣ್ಣ ಅಂಗಡಿ ಹಾಕುವ ಅಂತ ಬಂದಿದ್ದಾನೆ. ಆದರೆ ಈ ಮನೆಯವರು ಗಲ್ಫಿನ ಹುಡುಗ ಅಂತ ಅಲ್ವಾ ಒಪ್ಪಿದ್ದು? ಕಲ್ಯಾಣಕ್ಕೆ ಮೊದಲೇ ಸತ್ಯ ಹೇಳಬೇಕು ಅಂತ ಗೇಟಿನವರೆಗೆ ಬಂದ. ಧೈರ್ಯ ಸಾಲಲಿಲ್ಲ."

"ಬಂದವನು ಎಂತ ಮಾಡಿದ?"

"ಯಾರೋ ಕೈಗೆ ಕುಂಚ ಕೊಟ್ಟರು. ಹಿಡಿದುಕೊಂಡ."

ಆಸ್ಯಾಳ ಕಣ್ಣು ತುಂಬಿತು. ಬಾಗಿಲು ಮುಚ್ಚಿ ಕೂರುವ ಆ ಸರದಿ ತನಗಿಲ್ಲ ಎಂದು ಹೇಳುತ್ತಿದ್ದಾನೆ ಇವನು, ಅದೂ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ! ಪರದೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ವಾಚ್ ಎಲ್ಲಿ ನಿಮ್ಮದು?" ಎಂದಳು.

ಪಾದಗಳು ಕದಲಲಿಲ್ಲ.

"ಬೊಂಬಾಯಿಯಲ್ಲಿ ಮಾರಿದೆ," ಎಂದ ಕೊನೆಗೆ, ಬಹಳ ಮೆಲ್ಲಗೆ. "ಬಸ್ಸಿನ ಟಿಕೆಟಿಗೆ. ಯಾವಾಗ ಗೊತ್ತಾಯ್ತು?"

"ನಿನ್ನೆ."

"ಅದಕ್ಕೇನಾ ಇವತ್ತು ತುಕ್ಕು ಕೆರೆಸಿದ್ದು?"

"ಅದಕ್ಕೇ. ಸುಳ್ಳು ಹೇಳಿ ನನ್ನನ್ನು ಅಳಿಸಿದ್ದಕ್ಕೆ. ಪರಪುರುಷನ ಮೇಲೆ ಮನಸ್ಸು ಹೋಯ್ತು ಅಂತ ನಾನು ಎಷ್ಟು ಅತ್ತಿದ್ದೇನೆ ಗೊತ್ತುಂಟಾ ನಿಮಗೆ?"

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೆ ಅರ್ಥವಾಯಿತು. ಆಚೆ ಇದ್ದವನಿಗೂ ಅರ್ಥವಾಯಿತು. ಪರದೆಯ ಮೇಲೆ, ಅವಳ ಮುಷ್ಟಿ ಇದ್ದಲ್ಲಿ, ಅವನ ಬೆರಳುಗಳು ಬಟ್ಟೆಯ ಆ ಕಡೆಯಿಂದ ಒಮ್ಮೆ ತಾಗಿ ಹಿಂದೆ ಸರಿದವು. ಹೂವಿನ ಪರದೆಗೆ ಹಲಸಿನ ಹಳದಿ ಅಂಟಿತು.

"ಹೋಗಿ," ಎಂದಳು ಆಸ್ಯಾ. "ದೊಡ್ಡಪ್ಪನ ಹತ್ತಿರ ಸತ್ಯ ಹೇಳಿ. ಉಳಿದದ್ದು ನಾನು ಹೇಳ್ತೇನೆ."

*

ಜಮಾಲುದ್ದೀನನ ಮಾತು ಕೇಳಿದ ಪುತ್ತುಬ್ಬ ಆದಿ ಉಡುಪಿಯ ತನ್ನ ಅಂಗಡಿ ಮುಚ್ಚಿ ಕಾಪುವಿಗೆ ಬರುವಾಗ ಮುಖ ಕೆಂಡವಾಗಿತ್ತು.

"ಗಲ್ಫಿನ ಅಳಿಯ ಅಂತ ಊರಿಗೆಲ್ಲ ಹೇಳಿ ಆಗಿದೆ! ಈಗ ಇಲ್ಲೇ ಅಂಗಡಿ ಹಾಕ್ತಾನಂತೆ. ಕಲ್ಯಾಣ ಮುಂದೆ ಹಾಕುವ. ಅವನು ಮೊದಲು ಹಿಂದೆ ಹೋಗಲಿ, ಆಮೇಲೆ ನೋಡುವ."

ಆಸ್ಯಾ ದೊಡ್ಡಪ್ಪನೆದುರು ದನಿ ಎತ್ತಿದವಳಲ್ಲ. ಅಂದು ಬಾಗಿಲಿಗೆ ಬಂದು ನಿಂತಳು.

"ದೊಡ್ಡಪ್ಪ, ಉಮ್ಮ ಈ ಕೋಣೆಯಲ್ಲಿ ಎಷ್ಟು ವರ್ಷ ಕಾದಳು ಅಂತ ನಿಮಗೆ ಗೊತ್ತುಂಟು. ನನಗೆ ಇಲ್ಲಿ ಇರುವವರೇ ಬೇಕು. ನಿಕಾಹ್ ಆಗಿದೆ. ಗೋಡೆಯೂ ಒಣಗಿದೆ."

ಪುತ್ತುಬ್ಬ ಕೋಣೆಯೊಳಗೆ ನೋಡಿದ. ಗುಲಾಬಿ ಎಲ್ಲೂ ಇರಲಿಲ್ಲ. ಗಾಜಿನ ಹಂಚಿನಿಂದ ಇಳಿಬಿಸಿಲು ಬಂದು ಹಳದಿ ಗೋಡೆಯ ಮೇಲೆ ಕೂತಿತ್ತು. ತಮ್ಮನ ಹೆಂಡತಿ ಕೂರುತ್ತಿದ್ದ ಮೂಲೆ ಅದು.

"ಬಣ್ಣ ಯಾರು ಆರಿಸಿದ್ದು?" ಎಂದ ಕೊನೆಗೆ.

"ನಾನು."

"ಚೆಂದ ಉಂಟು," ಎಂದು ಟೊಪ್ಪಿ ಸರಿಮಾಡಿಕೊಂಡು ಪುತ್ತುಬ್ಬ ಹೊರಗೆ ನಡೆದ. ಪೆಂಡಾಲಿನವನಿಗೆ ಶುಕ್ರವಾರವೇ ಬರಲು ಹೇಳುವುದು ಬಾಕಿಯಿತ್ತು.

*

ಶುಕ್ರವಾರ ಸಂಜೆ ದಫ್ ಬಾರಿಸುತ್ತಾ ಮೆರವಣಿಗೆ ಬಂತು. ಬಿಳಿ ಅಂಗಿ, ಬಿಳಿ ಟೊಪ್ಪಿ, ಕೊರಳಿಗೆ ಮಲ್ಲಿಗೆ ಹಾಕಿಕೊಂಡು ಜಮಾಲುದ್ದೀನ್ ಇದೇ ಮೊದಲ ಸಲ ಬಂದವನ ಹಾಗೆ ಗೇಟು ದಾಟಿದ. ರುಕಿಯಮ್ಮನ ಕೈ ಹಿಡಿದು ಸಲಾಂ ಹೇಳಲು ಬಗ್ಗಿದಾಗ ಅಜ್ಜಿ ಅವನ ತಲೆ ಸವರಿ ನಿಟ್ಟುಸಿರಿಟ್ಟಳು.

"ಆ ಸುಣ್ಣದ ಹುಡುಗನನ್ನೂ ಊಟಕ್ಕೆ ಕರೆಯಬೇಕಿತ್ತು. ಕೆಲಸ ಬರ್ತಿರಲಿಲ್ಲ, ಪಾಪ. ಆದರೆ ಒಳ್ಳೆಯವನು."

"ಬಂದಿದ್ದಾನೆ ಅಜ್ಜಿ," ಎಂದ ಜಮಾಲುದ್ದೀನ್. "ಹೊಟ್ಟೆ ತುಂಬಾ ಉಣ್ತಾನೆ."

ಕೋಣೆಯ ಬಾಗಿಲಲ್ಲಿ ಪರದೆ ಅದೇ, ಹಳದಿ ಬೆರಳಿನ ಗುರುತೂ ಅದೇ. ಒಳಗೆ ಬಂದವನು ನಿಂತಲ್ಲೇ ನಿಂತ. ಆಸ್ಯಾ ತಲೆಯ ಮೇಲಿನ ಸೆರಗನ್ನು ಸ್ವಲ್ಪ ಹಿಂದೆ ಸರಿಸಿ ಮುಖ ಎತ್ತಿದಳು. ನಡುವೆ ಏನೂ ಇಲ್ಲದೆ ಇಬ್ಬರೂ ನೋಡಿಕೊಂಡದ್ದು ಅದೇ ಮೊದಲು. ದೀಪಸ್ತಂಭದ ಬೆಳಕು ಗಾಜಿನ ಹಂಚಿನ ಮೇಲೆ ಒಮ್ಮೆ ಹಾದು ಹೋಯಿತು, ಮತ್ತೆ ಬಂತು.

"ಹೇಗುಂಟು ಮುಖ?" ಎಂದಳು ಅವಳು, ನಾಚುತ್ತಲೇ.

ಅವನು ನಕ್ಕ, ಈ ಸಲ ಬೈರಾಸಿಲ್ಲದ ನಗು. ಆಸ್ಯಾ ಮಂಚದ ಹಿಂದಿನ ಮೂಲೆಯತ್ತ ಬೆರಳು ತೋರಿಸಿದಳು. ಅಲ್ಲಿ ಅಂಗೈಯಗಲದಷ್ಟು ಗೋಡೆ ಇನ್ನೂ ಹಳೆಯ ಹೊಗೆಯ ಬಣ್ಣದಲ್ಲೇ ಇತ್ತು.

"ಅದೊಂದು ಬಾಕಿ ಬಿಟ್ಟಿದ್ದೀರಿ."

"ಗೊತ್ತುಂಟು. ಬೇಕು ಅಂತಲೇ ಬಿಟ್ಟದ್ದು. ಒಂದು ವೇಳೆ ದೊಡ್ಡಪ್ಪ ಒಪ್ಪದಿದ್ದರೆ, ಮತ್ತೆ ಒಂದು ಸಲ ಬರಲಿಕ್ಕೆ ನೆಪ ಬೇಕಿತ್ತಲ್ಲ."

ಆಸ್ಯಾ ಮಂಚದ ಅಡಿಯಿಂದ ಕುಂಚ ಹೊರತೆಗೆದು ಅವನ ಕೈಗಿಟ್ಟಳು. ಅವನ ಮಣಿಕಟ್ಟಿನ ಬಿಳಿ ಪಟ್ಟಿಯ ಮೇಲೆ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು.

"ಈಗ ಬೇಡ," ಎಂದಳು. "ನಾಳೆಯೂ ಬೇಡ. ನಿಧಾನ ಮಾಡಿ. ನೀವು ಇಲ್ಲೇ ಇರ್ತೀರಲ್ಲ."