ಮಾವನ ಎಲೆಯ ಅನ್ನ

ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡ ನನ್ನ ಸೋದರಮಾವ ಬೋಜಪ್ಪನವರಿಗೆ ಸುಳ್ಯದ ಮನೆಯಲ್ಲಿ ಅಗೇಲು ಬಡಿಸಿದ್ದರು. ಸತ್ತವರು ಬಂದು ಉಣ್ಣಲೆಂದು ಎಲೆಗೆ ಅನ್ನ, ಕೋಳಿ ಸಾರು ಬಡಿಸಿ ಬಾಗಿಲು ಹಾಕುತ್ತಾರೆ. ಆಮೇಲೆ ಮನೆಯವರು ಅದನ್ನೇ ಹಂಚಿ ತಿನ್ನುತ್ತಾರೆ.

ಬಾಗಿಲು ತೆಗೆದಾಗ ಮಾವನ ಹುಣ್ಣಿನ ಕೊಳೆತ ವಾಸನೆ ಬಂತು. ಎಲೆಯ ಅಂಚಿನ ಅನ್ನ ಅಗಿದು ಉಗುಳಿದಂತೆ ಲೋಳೆಯಾಗಿತ್ತು. ಮುಟ್ಟಿದರೆ ಬೆಚ್ಚಗಿತ್ತು.

"ಬೆಕ್ಕು ಬಾಯಿ ಹಾಕಿದೆ ಅತ್ತೆ, ಬಿಸಾಡುವ," ಎಂದೆ.

"ಬಾಗಿಲು ಹಾಕಿತ್ತಲ್ಲ, ಎಂತ ಬೆಕ್ಕು? ಬಿಸಾಡ್ಲಿಕ್ಕಿಲ್ಲ, ತಿನ್ನು," ಎಂದರು ದುಗ್ಗಮ್ಮತ್ತೆ.

ಬೆಕ್ಕೇ ಎಂದು ತೋರಿಸುವ ಹಟಕ್ಕೆ ಆ ಲೋಳೆಯನ್ನು ನಾನು ಕೆಲಸ ಮಾಡುವ ಲ್ಯಾಬಿಗೆ ಒಯ್ದೆ. ಅದರಲ್ಲಿದ್ದ ಬ್ಯಾಕ್ಟೀರಿಯಾದ ಡಿಎನ್‌ಎ ಓದಿಸಿ, ಜಗತ್ತಿನ ಲ್ಯಾಬುಗಳೆಲ್ಲ ಡಿಎನ್‌ಎ ಮಾಹಿತಿ ಹಂಚಿಕೊಳ್ಳುವ ಸಾರ್ವಜನಿಕ ಡೇಟಾಬೇಸಿನಲ್ಲಿ ಹುಡುಕಿದೆ. ಒಂದಕ್ಷರವೂ ತಪ್ಪದೆ ಹೊಂದಿದ್ದು ಒಂದೇ ದಾಖಲೆ. ಅದನ್ನು ಸೇರಿಸಿದವಳು ನಾನೇ. ಮಾದರಿ ತೆಗೆದದ್ದು ಮಾವ ಬದುಕಿದ್ದಾಗ, ಅವರ ಕೆನ್ನೆಯೊಳಗಿನ ಹುಣ್ಣಿನಿಂದ.

ಈಗಲೂ ಹೇಸಿಗೆಯಾಗಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸುತ್ತೇನೆ. ಆ ಸಂಜೆ ಅತ್ತೆಯ ಮಾತು ಮೀರಲಾಗದೆ, ಎಲೆಯಲ್ಲಿ ಚೊಕ್ಕವಾಗಿ ಕಂಡ ಕಡೆಯಿಂದ ನಾನೂ ಒಂದು ತುತ್ತು ತಿಂದಿದ್ದೆ. ಅಗಿಯುವ ಅಗತ್ಯವೇ ಬಿದ್ದಿರಲಿಲ್ಲ.