ದೇಶಮುಖರ ಪರದೆ

ಸಂಜೆ ಐದು ಗಂಟೆ, ೧೯೪೦ರ ಭಾದ್ರಪದ. ತಾಂಡೂರಿನ ಕಲ್ಲುಗಣಿಯ ಗೋದಾಮಿನಲ್ಲಿ ನಾಟಕದ ತಾಲೀಮು ನಿಂತಿತು. ನಿಲ್ಲಿಸಿದವಳು ಶರಣಬಸಮ್ಮ.

ನಾಟಕ ಬರೆದವನು ಇಂಗ್ಲಿಷ್ ಮಾಸ್ತರ ತುಳಜಪ್ಪ, ಅವಳ ಸೋದರತ್ತೆಯ ಮಗ. ಕಾರ್ತಿಕದಲ್ಲಿ ಇಬ್ಬರಿಗೂ ಮದುವೆಯೆಂದು ಮಾತಾಗಿತ್ತು.

ಕಥೆ ಹತ್ತಿರದ ಹಾಳು ಕೋಟೆಯ ಹಳೆಯ ದಾಖಲೆಯಾದ ಕೈಫಿಯತ್ತಿನದು. ಎರಡು ಮಳೆಗಾಲದ ಮುತ್ತಿಗೆಯನ್ನು ಅವನು ಒಂದೇ ರಾತ್ರಿಗೆ ಇಳಿಸಿದ್ದ. ಬಾಗಿಲು ಕಾಯುತ್ತ ಹಸಿವಿನಿಂದ ಸತ್ತ ಬಂಡೆಪ್ಪ ನಾಟಕದಲ್ಲಿ ಶತ್ರುವಿಗೆ ಬಾಗಿಲು ತೆಗೆಯುತ್ತಿದ್ದ. ಬಂಡೆಪ್ಪ ಶರಣಬಸಮ್ಮನ ಮನೆತನದ ಹಿರಿಯ.

“ಏನ್ರಿ ಮಾಸ್ತರ್ರ, ಸತ್ತಾಂವ ಎದ್ದು ಬಾಗಿಲಾ ತೆಗದನೇನು?”

ತುಳಜಪ್ಪ ನಕ್ಕ. ಸಿಟ್ಟಾದಾಗ ಅವಳ ಬಲಹುಬ್ಬು ಮಾತ್ರ ಮೇಲೇರುತ್ತಿತ್ತು. ಅದನ್ನು ನೋಡಲೆಂದೇ ಎಷ್ಟೋ ಸಲ ಕೆಣಕಿದ್ದ.

“ಆಟಕ್ಕ ಒಬ್ಬ ಖಳ ಬೇಕಲ್ಲ, ಶರಣಿ. ಮುನ್ನೂರು ವರ್ಷಕ್ಕೂ ಮೊದಲ ವಿಲಾಯತ್ದಾಗ ಒಬ್ಬ ನಾಟಕಕಾರ ಹಿಂಗೇ ಮಾಡ್ಯಾನ. ಹಳೀ ಚರಿತ್ರಿ ಪುಸ್ತಕ ಮುಂದಿಟ್ಕೊಂಡು ವರ್ಷಗಟ್ಟಲೆ ನಡದಿದ್ದು ಒಂದು ಸಂಜಿಗಿ ತಂದ. ಸತ್ತ ರಾಣಿನ್ನ ಎಬ್ಬಿಸಿ ಮಾತಾಡಿಸ್ದ. ಸೋತ ರಾಜನ ಬೆನ್ನಿನ ಗೂನು ಇನ್ನೂ ದೊಡ್ಡದು ಮಾಡ್ದ.”

“ಯಾಕ?”

“ಆ ರಾಜನ್ನ ಸೋಲಿಸ್ದವನ ಮೊಮ್ಮಗಳೇ ಆಗ ರಾಣಿ ಇದ್ಲು.”

“ಹಂಗಾರ ನಿಮ್ಮ ರಾಣಿ ಯಾರು?”

ಅವಳು ರಂಗದ ಮುಂದೆ ಕಟ್ಟಿದ್ದ ಕೆಂಪು ಮಖಮಲ್ಲಿನ ಪರದೆಯತ್ತ ನೋಡಿದಳು. ಕೋಟೆ ಗೆದ್ದವನ ವಂಶದ ದೇಶಮುಖರು ಅದನ್ನು ಹೈದರಾಬಾದಿನಿಂದ ತರಿಸಿಕೊಟ್ಟಿದ್ದರು. ಊರೇ ಹೊಗಳಿತ್ತು, ಅದರಲ್ಲಿದ್ದ ತೂತುಗಳ ಮಾತನ್ನು ಯಾರೂ ಎತ್ತಿರಲಿಲ್ಲ.

“ಅಂವ ರಾಣಿಗಿ ಅಂಜಿದ್ದನೋ ಏನೋ. ನೀವು ತೂತುಬಿದ್ದ ಅರಿವಿಗಿ ಸೋತೀರಿ. ನಿಮ್ಮವ್ವ ಬಂಡೆಪ್ಪನ ಮನಿ ಮಗಳು. ಆಕಿನ್ನ ಮುಂದಿನ ಸಾಲಿನ್ಯಾಗ ಕೂಡಸ್ತೀರೇನು?”

“ನೀ ಬರ್ತಿಯಲ್ಲ?”

“ಹಸದು ಸತ್ತಾಂವನ್ನ ದ್ರೋಹಿ ಮಾಡ್ದವನ ಬಲ್ಲಿ ನಾ ಬರಂಗಿಲ್ಲ. ನಾಟಕಕ್ಕೂ ಇಲ್ಲ, ಲಗ್ನಕ್ಕೂ ಇಲ್ಲ.”

ಸೆರಗೆಳೆದುಕೊಂಡು ಹೋದಳು. ಈ ಸಲ ಹುಬ್ಬು ಏರಿರಲಿಲ್ಲ. ಅವನು ಹೆದರಿದ್ದು ಅದಕ್ಕೆ.

ಮರುದಿನ ಬೆಳಿಗ್ಗೆ ಅವಳು ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ತುಳಜಪ್ಪ ಬಂದು ನಿಂತ.

“ಬಂಡೆಪ್ಪ ಬಾಗಿಲಿಗೇ ಒರಗಿ ಸಾಯ್ತಾನ. ಹಂಗೇ ಬರದೀನಿ.”

“ದೇಶಮುಖರು?”

“ಹೇಳಿ ಬಂದೀನಿ. ಪರದೆ ಬಿಚ್ಚಾಕ ಅವರ ಆಳು ಬಂದಾರ.”

ಅವಳು ಮೊರ ನಿಲ್ಲಿಸಲಿಲ್ಲ. ಬಲಹುಬ್ಬು ಮಾತ್ರ ಮೆಲ್ಲಗೆ ಏರಿತು.

“ಹೊಟ್ಟು ಕಣ್ಣಿಗಿ ಬೀಳ್ತದ. ಈ ಕಡಿ ಬಂದು ಕೂಡ್ರಿ.”

ಪರದೆ ವಾಪಸ್ ಹೋಯಿತು. ದಸರೆಗೆ ನಾಟಕ ಗಣಿಯ ಕಲ್ಲಿನ ರಾಶಿಯ ಮುಂದೆ ನಡೆಯಿತು. ಕಾರ್ತಿಕದಲ್ಲಿ ಮದುವೆಯಾಯಿತು, ದೇಶಮುಖರು ಬರಲಿಲ್ಲ.